ಎಕ್ಸಾಸ್ಟ್ ಫ್ಯಾನಿನ ಬಾಣಂತಿ

ವೆಸ್ಟ್ ಮಾಂಬಲಂನ ಚಿಕ್ಕಮ್ಮನ ಅಡುಗೆಮನೆಯಲ್ಲಿ ಇವತ್ತು ಬೆಳಿಗ್ಗೆ ಒಗ್ಗರಣೆಯ ಘಾಟು ತುಂಬಿತ್ತು. ಕೆಮ್ಮುತ್ತಲೇ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದೆ.

"ಅಯ್ಯೋ, ಹಾಕ್ಬೇಡ ಕಣೋ! ಅದರೊಳಗೆ ಅಳಿಲು ಮರಿ ಹಾಕಿದೆ."

ಚಿಕ್ಕಪ್ಪ ತೀರಿಕೊಂಡ ಮೇಲೆ ಚಿಕ್ಕಮ್ಮ ಮಾತೂ ಆಡುವುದಿಲ್ಲ, ಮನೆಯಿಂದ ಹೊರಗೂ ಹೋಗುವುದಿಲ್ಲ ಎಂದು ಅವರ ಮಗಳು ಎಸ್‌ಟಿಡಿ ಮಾಡಿ ಹೇಳಿದ್ದಕ್ಕೇ ನಾನು ಮೈಸೂರಿನಿಂದ ಬಂದದ್ದು. ಈಗ ಅದೇ ಚಿಕ್ಕಮ್ಮ ನನ್ನ ತೋಳು ಹಿಡಿದು ಕಿಟಕಿಗೆ ಎಳೆದರು.

ತಾಯಿ ಅಳಿಲು ಮರಿಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ಹೊರಬಂತು. ಮರಿ ಅದರ ಕುತ್ತಿಗೆಗೆ ಮಫ್ಲರಿನಂತೆ ಸುತ್ತಿಕೊಂಡಿತ್ತು. ಅಳಿಲು ಹೀಗೆ ಮರಿ ಸಾಗಿಸುವುದನ್ನು ನಾನು ಕಂಡಿರಲೇ ಇಲ್ಲ. ಪೈಪು ಹಿಡಿದು ಇಳಿಯಿತು, ಮತ್ತೆ ಬಂತು. ನೋಡನೋಡುತ್ತ ಗೂಡು ಖಾಲಿಯಾಯಿತು.

"ಬೆಳಿಗ್ಗೆ ಏಳೋದಕ್ಕೆ ಒಂದು ಕೆಲಸ ಕೊಟ್ಟಿತ್ತಪ್ಪ, ಪುಣ್ಯಾತ್ಗಿತ್ತಿ," ಎಂದರು ಚಿಕ್ಕಮ್ಮ. ಮತ್ತೆ ಹೋಗಿ ಮಲಗಿಬಿಡುತ್ತಾರೇನೋ ಎಂದು ನನಗೆ ದಿಗಿಲಾಯಿತು. ಅವರು ಒಲೆ ಆರಿಸಿ ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೆ ಒಯ್ತೋ ನೋಡೋಣ, ಬಾ."

ಕೆಳಗೆ ಅಕ್ಕಿಹಿಟ್ಟಿನ ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯ ತಮಿಳು ಹೆಂಗಸು, "ಮಾಮಿ! ವಾಂಗೋ, ವಾಂಗೋ!" ಎಂದು ಕರೆಯುತ್ತ ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ಚಿಕ್ಕಮ್ಮ ಅಳಿಲು ಹತ್ತುತ್ತಿದ್ದ ಬೇವಿನ ಮರದತ್ತ ಬೆರಳು ತೋರಿಸಿದರು.

"ಅದೋ ಪಾರುಂಗೋ, ನಮ್ಮ ಅಣಿಲ್!"