ಕೃಷ್ಣನ ಗಲ್ಲದ ನೀಲಿ

ಎಪ್ಪತ್ತರ ದಶಕದ ನಡುವೆ ನಾನು ಧಾರವಾಡದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಬಣ್ಣದ ಚಿತ್ರ ಬರೆದ ಕಲಘಟಗಿಯ ಮರದ ತೊಟ್ಟಿಲುಗಳ ಹುಚ್ಚು ಹಿಡಿಯಿತು. ಹಳಬರು ಹಲಗೆಗೆ ಮೊದಲು ಏನು ಬಳಿದರು, ಯಾವ ಬಣ್ಣ ಹಾಕಿದರು, ಮೇಲೆ ಅರಗು ಹೇಗೆ ಏರಿಸಿದರು ಎಂಬುದನ್ನು ಪದರಪದರವಾಗಿ ಪರೀಕ್ಷಿಸಬೇಕೆಂದರು. ದೇವಿಕೊಪ್ಪದ ನನ್ನ ದೊಡ್ಡವ್ವನ ಮನೆಯಲ್ಲಿ ಅಂಥದೊಂದು ತೊಟ್ಟಿಲಿತ್ತು. ಅವರನ್ನು ಅಲ್ಲಿಗೆ ಕರೆದೊಯ್ದೆ.

ದೊಡ್ಡವ್ವನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅಟ್ಟದಿಂದ ಇಳಿಸಿದ ತೊಟ್ಟಿಲನ್ನು ಒರೆಸಿ ಪಡಸಾಲೆಯಲ್ಲಿಟ್ಟಿದ್ದರು. ಮುಂದಿನ ಹಲಗೆಯ ಮೇಲೆ ಅಂಬೆಗಾಲಿಕ್ಕುವ ಕೃಷ್ಣ.

"ಏನ್ ಬೇಕಾದ್ದು ನೋಡ್ರಿ. ದೇವರ ಮಾರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ" ಎಂದಳು ದೊಡ್ಡವ್ವ.

"ಇಲ್ರಿ, ಮುಖ ಮುಟ್ಟೂದಿಲ್ರಿ" ಎಂದರು ಪ್ರಾಧ್ಯಾಪಕರು.

"ನಾ ಅದೀನಲ್ಲ, ದೊಡ್ಡವ್ವಾ" ಎಂದೆ ನಾನು.

ಭೂತಗನ್ನಡಿ ಹಿಡಿದು ನೋಡಿದರೆ, ಹಲಗೆ ಚೌಕಟ್ಟಿಗೆ ಸೇರುವಲ್ಲಿ ಕೃಷ್ಣನ ಪಾದದ ಬಣ್ಣ ತಾನಾಗಿಯೇ ಎದ್ದಿತ್ತು. ಎಲ್ಲ ಪದರಗಳೂ ಅಲ್ಲೇ ಕಾಣುತ್ತಿದ್ದವು. "ಸರ್, ಇಲ್ಲೇ ತಗೊಳ್ರಿ, ಸಾಕಾಗ್ತೈತಿ" ಎಂದು ತೋರಿಸಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಕೆಳಗೆ ಉದುರಿದ್ದ ಒಂದು ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ನಾನು ಒಳಗೆ ಹೋದೆ.

ಅವಲಕ್ಕಿ ತಟ್ಟೆ ಹಿಡಿದು ಹೊರಬಂದಾಗ ಅವರು ಬ್ಲೇಡು ಒರೆಸುತ್ತಿದ್ದರು. ಕೃಷ್ಣನ ಗಲ್ಲದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಬಿಳಿಚಿಕೊಂಡು ಮರ ಕಾಣುತ್ತಿತ್ತು.

"ಏನ್ ಮಾಡಿದ್ರಿ ಸರ್ ಇದು?"

"ಪಾದಕ್ಕ ಎಣ್ಣಿ, ಮಸಿ ಹತ್ತೇತಿ. ಮುಖದ ನೀಲಿ ಅಗದಿ ಸ್ವಚ್ಛ ಐತಿ. ಸಾಸಿವಿಕಾಳಿನಷ್ಟ ತಗೊಂಡೀನಿ."

ಸಾಸಿವೆಕಾಳಂತೆ! ದೊಡ್ಡವ್ವ ಕೂಗಾಡಲಿಲ್ಲ. "ನಾ ಏನ್ ಹೇಳಿದ್ದೆರೀ ನಿಮಗ?" ಎಂದಳು, ಅಷ್ಟೇ. ಅವರು ಚಪ್ಪಲಿ ಹುಡುಕತೊಡಗಿದರು. ತುಂಬಿದ ಬಸುರಿ ಮಗಳು ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಬಸ್ಸಿನಲ್ಲಿ ನಾನು ಅವರಿಂದ ದೂರ ಕೂತೆ.

ಪ್ರಯೋಗಾಲಯದಲ್ಲಿ ಗಲ್ಲದ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಮರದ ಮೇಲೆ ಸುಣ್ಣದ ಬಿಳುಪು, ಅದರ ಮೇಲೆ ನೀಲಿ, ಎಲ್ಲಕ್ಕೂ ಮೇಲೆ ಅರಗು. ನೈಟ್ರಿಕ್ ಆಮ್ಲದ ಹನಿ ಬಿಟ್ಟಾಗ ನೀಲಿ ಹಳದಿಯಾಯಿತು. ಅದು ನೀಲಿಗಿಡದ ಬಣ್ಣ ಎಂದು ತೀರ್ಮಾನವಾಯಿತು. ಮರುದಿನ ನಾನು ಪಾದದಿಂದ ಉದುರಿದ್ದ ಚೂರಿನ ಎಣ್ಣೆಯನ್ನು ಪೆಟ್ರೋಲಿನಲ್ಲಿ ಒರೆಸಿ ನೋಡಿದೆ. ಅದೇ ಮೂರು ಪದರ, ಅದೇ ಹಳದಿ. ನನ್ನ ಮೈ ಉರಿದುಹೋಯಿತು.

ಕೆಲವು ತಿಂಗಳ ಬಳಿಕ ಧಾರವಾಡದ ಸಭಾಭವನದಲ್ಲಿ ಅವರ ಉಪನ್ಯಾಸ. ಗಲ್ಲದ ಚೂರು ಪರದೆಯ ಮೇಲೆ ಆಳೆತ್ತರವಾಗಿ ಮೂಡಿತು, ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ.

"ಇದು ಒಂದು ಮನಿ ಕೃಷ್ಣನ ಗಲ್ಲದ್ದು. ಮನಿಯವ್ರು ಬ್ಯಾಡ ಅಂದಮ್ಯಾಲೂ ಕೆರದದ್ದು. ಪಾದದಿಂದ ಉದುರಿದ ಚೂರಿನಾಗೂ ಇದ ಐತಿ. ನಾ ಪರೀಕ್ಷಾ ಮಾಡೀನಿ."

"ಕುಂದರ್ರಿ, ಆಮ್ಯಾಲೆ ಮಾತಾಡೂಣು" ಎಂದರು ಅಧ್ಯಕ್ಷರು. ಆಮೇಲೆ ಯಾರೂ ಮಾತಾಡಲಿಲ್ಲ. ಪ್ರಾಧ್ಯಾಪಕರು ನನ್ನನ್ನು ಮತ್ತೆಂದೂ ಅಂಥ ಕೆಲಸಕ್ಕೆ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿರಲಿಲ್ಲ.

ಮುಂದಿನ ಬಾರಿ ದೇವಿಕೊಪ್ಪಕ್ಕೆ ಹೋದಾಗ ಕೂಸು ಅದೇ ತೊಟ್ಟಿಲಲ್ಲಿ ಮಲಗಿತ್ತು.

"ಎಲ್ಲಾರ ಮುಂದ ಹೇಳಿದ್ಯಂತ?" ದೊಡ್ಡವ್ವ ಕೇಳಿದಳು.

"ಹೇಳಿದೆ."

"ಚಲೋ ಮಾಡಿದಿ. ಆದ್ರ ಆ ಮನಷ್ಯಾ ಒಂದ್ ಸಲ ಬಂದು, ತಪ್ಪಾತು ಅನಬಾರದೇನ?"

ಆತ ಬರಲೇ ಇಲ್ಲ. ಕಲಘಟಗಿಯ ಚಿತ್ರಗಾರರೊಬ್ಬರು ಗಲ್ಲಕ್ಕೆ ನೀಲಿ ತುಂಬಿ ಅರಗು ಹಚ್ಚಿಕೊಟ್ಟರು. ಆ ಜಾಗ ಮಾತ್ರ ತುಸು ಕಪ್ಪಾಗಿಯೇ ಉಳಿಯಿತು. ದೊಡ್ಡವ್ವನ ಮಗಳು ಆ ತೊಟ್ಟಿಲನ್ನೇ ತಂಬೂರು ಎಂಬ ಊರಿನ ಗಂಡನ ಮನೆಗೆ ಒಯ್ದಳು. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.