ಹೇಳದೆ ಹೋದ ಹಂದಿ

ತಾಯಿ ಡೋರಾ, ತಂದೆ ಲಿನೋ. ಇಬ್ಬರ ಹೆಸರನ್ನೂ ಕೂಡಿಸಿ ಮಗಳಿಗೆ ಡೊರಿಲಿನ್ ಎಂದು ಇಟ್ಟಿದ್ದರು. ಆದರೆ ಸರಾಗಾ ಎಂಬ ಅವರ ಊರಿನ ಸಂತೆಯಲ್ಲಿ ಡೊರಿಲಿನ್ ಯಾರೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಹಂದಿ ಹುಡುಗಿ ಎಂದರೆ ಸಾಕು, ಚಿಕ್ಕ ಮಕ್ಕಳೂ ಮನೆ ತೋರಿಸುತ್ತಿದ್ದರು.

ಆ ಹೆಸರು ಅಂಟಿದ್ದು ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ. ಆ ವರ್ಷದ ಚಂಡಮಾರುತಕ್ಕೆ ಜಲೌರ್ ಹೊಳೆ ಉಕ್ಕಿ ಗದ್ದೆಬಯಲೆಲ್ಲ ಒಂದೇ ನೀರಾಗಿತ್ತು. ಊರವರು ಚರ್ಚಿನಲ್ಲಿ ತಂಗಿ ಜೀವ ಉಳಿಸಿಕೊಂಡರು. ನೀರು ಇಳಿಯುವ ಹೊತ್ತಿಗೆ ಟಿವಿಯವರು ಬಂದರು. ಮೆಟ್ಟಿಲ ಮೇಲೆ ಕೂತಿದ್ದ ಡೊರಿಲಿನ್‌ಗೆ ಮೈಕು ಹಿಡಿದು, "ನೀನೇನು ಕಳ್ಕೊಂಡೆ ಮಗಾ?" ಎಂದು ಕೇಳಿದರು. ಅವಳು ಮರಿಯಿಂದ ಸಾಕಿದ ಹಂದಿ ಬಾರ್ತೋ ಗೂಡಿನ ಸಮೇತ ಕೊಚ್ಚಿಹೋಗಿತ್ತು.

"ಬಾರ್ತೋ ಹೋದ... ಹೋಗ್ಬರ್ತೀನಿ ಅಂತ ಒಂದ್ ಮಾತೂ ಹೇಳ್ದೆ ಹೋಗ್ಬಿಟ್ಟ!" ಎಂದು ಹುಡುಗಿ ಗೋಳೋ ಎಂದು ಅತ್ತಳು. ಅಳುವಾಗ ಮೂಗಿನಲ್ಲೊಂದು ಸಿಂಬಳದ ಗುಳ್ಳೆ ಉಬ್ಬಿ ಒಡೆಯಿತು.

ಆ ತುಣುಕು ಇಂಟರ್ನೆಟ್ಟಿಗೆ ಹೋಗಿದ್ದೇ ತಡ, ಕಾಳ್ಗಿಚ್ಚಿನಂತೆ ಹಬ್ಬಿತು. ಗೆಳೆಯ ಕೈಕೊಟ್ಟು ಹೋದ ಹುಡುಗಿಯರಿಗೆಲ್ಲ ಗೆಳತಿಯರು ಅದನ್ನೇ ಕಳಿಸತೊಡಗಿದರು. ಗುಳ್ಳೆ ಒಡೆಯುವ ಕ್ಷಣದ ಚಿತ್ರ ಸ್ಟಿಕ್ಕರಾಯಿತು, ಅಂಗಿಯ ಮೇಲೆ ಅಚ್ಚಾಯಿತು. ಶಾಲೆಯಲ್ಲಿ ಅವಳು ಒಳಗೆ ಕಾಲಿಟ್ಟರೆ ಹಿಂದಿನ ಬೆಂಚಿನಿಂದ ಗುರ್ ಗುರ್ ಎಂಬ ಸದ್ದು. ಬಸ್ಸಿನಂತೆ ಓಡುವ ಜೀಪ್ನಿಯಲ್ಲಿ ಎದುರು ಕೂತ ಅಪರಿಚಿತರು ಫೋನು ನೋಡಿ, ಇವಳನ್ನು ನೋಡಿ, ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಇದನ್ನೆಲ್ಲ ಹೇಗೋ ನುಂಗಿಕೊಂಡಳು. ನುಂಗಲಾಗದೆ ಉಳಿದದ್ದು ಒಂದೇ. ಪಕ್ಕದ ಮನೆಯವಳ ಫೋನಿನಲ್ಲಿ ಮೊದಲ ಸಲ ಅದನ್ನು ನೋಡಿದಾಗ ಅವಳ ತಾಯಿಯೂ ನಕ್ಕಿದ್ದಳು. "ಅಯ್ಯೋ, ಗುಳ್ಳೆ ನೋಡೇ!" ಎಂದಿದ್ದಳು. ಮರುಗಳಿಗೆಗೆ ಮಗಳನ್ನು ತಬ್ಬಿಕೊಂಡದ್ದೂ ನಿಜ. ಆದರೆ ಆ ನಗು ಮಗಳ ಕಿವಿಯಲ್ಲೇ ಉಳಿಯಿತು.

ಇಪ್ಪತ್ತರ ಹೊತ್ತಿಗೆ ಡೊರಿಲಿನ್ ಇಲೊಯಿಲೊ ನಗರದ ಕಾಲೇಜೊಂದರಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಲು ಓದುತ್ತಿದ್ದಳು. ಕಣ್ಣಿನವರೆಗೆ ಇಳಿದ ಮುಂಗೂದಲು, ಕೈಯಲ್ಲಿ ಬಟನ್ ಫೋನು. ಮೀನು ಮಾರುವವಳೂ ಬುಟ್ಟಿಯ ಮುಂದೆ ಫೋನು ನಿಲ್ಲಿಸಿಕೊಂಡು ಲೈವ್ ವ್ಯಾಪಾರ ಮಾಡುವ ಊರಿನಲ್ಲಿ ಅವಳಿಗೊಂದು ಅಕೌಂಟೂ ಇರಲಿಲ್ಲ. ಮೂರನೆಯ ವರ್ಷ ಡಿಜಿಟಲ್ ಮಾಧ್ಯಮ ಎಂಬ ಕೋರ್ಸನ್ನು ಎಲ್ಲರೂ ತೆಗೆದುಕೊಳ್ಳಲೇಬೇಕು ಎಂದು ನೋಟಿಸು ಬಂದಾಗ ಕಚೇರಿಗೆ ಹೋಗಿ, "ಇದರ ಬದಲು ಬೇರೆ ಏನಾದ್ರೂ ಕೊಡಿ, ಹೊಲಿಗೆ ಆದ್ರೂ ಸರಿ" ಎಂದು ಬೇಡಿಕೊಂಡಳು. ಆಗಲಿಲ್ಲ.

ಪಾಠ ಮಾಡುವವರು ಲುಡಿವಿನಾ ಎಂಬ ಹೆಂಗಸು, ಎಲ್ಲರ ಬಾಯಲ್ಲೂ ಮ್ಯಾಮ್ ಲೂಡಿ. ಸಣ್ಣ ಆಳು, ದೊಡ್ಡ ಗಂಟಲು.

"ಅಕೌಂಟು ಇಲ್ಲದವರು ಯಾರಾದ್ರೂ ಇದ್ದೀರಾ?" ಎಂದು ಮೊದಲ ದಿನವೇ ಕೇಳಿದರು.

ಡೊರಿಲಿನ್ ಒಬ್ಬಳೇ ಕೈ ಎತ್ತಿದಳು. ತರಗತಿಯೇ ತಿರುಗಿ ನೋಡಿತು.

"ಯಾಕಮ್ಮಾ, ಸಂನ್ಯಾಸಿನಿ ಆಗ್ತೀಯಾ?"

"ಆದರೂ ಆದೆ ಮ್ಯಾಮ್. ಮಠದಲ್ಲೂ ವೈಫೈ ಹಾಕ್ಸಿದ್ದಾರಂತೆ, ಅದಕ್ಕೇ ಯೋಚ್ನೆ ಮಾಡ್ತಿದ್ದೀನಿ."

ಎಲ್ಲರೂ ನಕ್ಕರು. ಬಹಳ ವರ್ಷಗಳ ಮೇಲೆ ತಾನೇ ಆಡಿದ ಮಾತಿಗೆ ಬಂದ ನಗು ಅದು. ಅವಳಿಗೆ ಒಂದು ಥರ ಹಿತವೇ ಆಯಿತು.

ಮೊದಲ ಪ್ರಬಂಧದಲ್ಲಿ ಅವಳು ಇದ್ದಬದ್ದ ಸಿಟ್ಟನ್ನೆಲ್ಲ ಕಾರಿಕೊಂಡಳು. ಇಂಟರ್ನೆಟ್ ಒಂದು ಕೊಳಚೆ ಚರಂಡಿ, ಅದರ ಹತ್ತಿರ ಹೋದವರಿಗೆಲ್ಲ ನಾತ ಅಂಟುತ್ತದೆ ಎಂದು ಬರೆದಳು. ಹಾಳೆ ತಿರುಗಿ ಬಂದಾಗ ಅಂಚಿನಲ್ಲಿ ಮ್ಯಾಮ್ ಲೂಡಿ ಒಂದೇ ಸಾಲು ಗೀಚಿದ್ದರು: "ಚರಂಡಿ ಅಂತೀಯ, ಒಪ್ಪಿದೆ. ಯಾರ್‍ಯಾರ ಮನೆ ನೀರು ಅದು?"

ಈವರೆಗೆ ಇಂಟರ್ನೆಟ್ ಎಂದರೆ ಅವಳ ಪಾಲಿಗೆ ಮುಖವಿಲ್ಲದ ಒಂದೇ ಒಂದು ಮೃಗ. ಅದಕ್ಕೆ ಮನೆಗಳಿರುತ್ತವೆ ಎಂದು ಅವಳು ಯೋಚಿಸಿಯೇ ಇರಲಿಲ್ಲ.

ಸೆಮಿಸ್ಟರಿನ ನಡುವೆ ಜೋಡಿಯಾಗಿ ಮಾಡುವ ಕೆಲಸ ಬಂತು. ಎಲ್ಲರೂ ಹಂಚಿಕೊಳ್ಳುವ ಯಾವುದಾದರೂ ಒಂದು ಚಿತ್ರವನ್ನೋ ವಿಡಿಯೋವನ್ನೋ ಹಿಡಿದು, ಅದು ಮೊದಲು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಏನಾಯಿತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು. ಡೊರಿಲಿನ್‌ಗೆ ಜೋಡಿಯಾಗಿ ಸಿಕ್ಕವಳು ಚೆಸ್ಕಾ, ನಗರದ ಹುಡುಗಿ, ವಾಚಾಳಿ, ಆದರೆ ಒಳ್ಳೆಯ ಮನಸ್ಸಿನವಳು. ಇಬ್ಬರೂ ಬಾಚೋಯ್ ಅಂಗಡಿಯಲ್ಲಿ ಕೂತು ಬಿಸಿ ಬಿಸಿ ಶಾವಿಗೆ ಸಾರು ಊದಿಕೊಂಡು ಕುಡಿಯುತ್ತಿದ್ದರು.

"ನಾನು ಆಗ್ಲೇ ಒಂದು ಆರಿಸಿಬಿಟ್ಟೆ" ಎಂದು ಚೆಸ್ಕಾ ಫೋನು ತಿರುಗಿಸಿ ತೋರಿಸಿದಳು. "ನಮ್ಮ ಹಂದಿ ಹುಡುಗಿ! ಇದು ನಮ್ಮ ಕಡೇದೇ ಅಂತೆ ಗೊತ್ತಾ?"

ಡೊರಿಲಿನ್ ಕೈಯಲ್ಲಿದ್ದ ಚಮಚ ಬಟ್ಟಲಿಗೆ ಬಿತ್ತು.

"ಪಾಪ, ಈ ಹುಡುಗಿ ಆಮೇಲೆ ಸತ್ತೇ ಹೋದ್ಲಂತೆ ಕಣೇ" ಎಂದು ಚೆಸ್ಕಾ ದನಿ ತಗ್ಗಿಸಿದಳು. "ಕೆಲವರು ದುಬೈಗೆ ಹೋದ್ಲು ಅಂತಾರೆ."

"ಎರಡರಲ್ಲಿ ದುಬೈನೇ ವಾಸಿ" ಎಂದು ಹೇಗೋ ನುಡಿದು ಡೊರಿಲಿನ್ ಸಾರಿನ ಮೇಲೆ ಮುಖ ಬಗ್ಗಿಸಿದಳು. ಬೇಡ, ಬೇರೆ ಏನಾದರೂ ನೋಡೋಣ ಎನ್ನಬಹುದಿತ್ತು. ಎನ್ನಲಿಲ್ಲ. ತಾನು ಸತ್ತುಹೋದ ಸುದ್ದಿಯನ್ನು ಬೇರೆಯವರ ಬಾಯಿಂದ ಕೇಳಿದ ಮೇಲೆ, ಇದನ್ನೆಲ್ಲ ಯಾರು ಮಾಡಿದರು ಎಂದು ಒಮ್ಮೆ ಕಣ್ಣಾರೆ ನೋಡಿಯೇ ಬಿಡಬೇಕು ಎನಿಸಿತು.

ಆ ವಾರವೆಲ್ಲ ಇಬ್ಬರೂ ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತರು. ಮೊದಮೊದಲು ಗುಳ್ಳೆ ಉಬ್ಬುವ ಹೊತ್ತಿಗೆ ಡೊರಿಲಿನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋಡಿ ನೋಡಿ ಅದೂ ಸವೆಯಿತು. ಮ್ಯಾಮ್ ಲೂಡಿ ಕಲಿಸಿದಂತೆ ಹಾಕಿದ ತಾರೀಖು ನೋಡಿದರು, ಕತ್ತರಿಸಿದ ಅಂಚು ನೋಡಿದರು, ಪೇಜು ನಡೆಸುವವರಿಗೆ ಸಂದೇಶ ಕಳಿಸಿ ಕೇಳಿದರು. ನಗೆಯ ಸದ್ದು ಸೇರಿಸಿದ್ದು ಮನಿಲಾದ ಒಂದು ತಮಾಷೆ ಪೇಜು. ಹೃದಯ ಒಡೆಯುವ ಚಿತ್ರ ಅಂಟಿಸಿದ್ದು ಸೆಬು ಕಡೆಯ ಯಾವನೋ ಹುಡುಗ. ಅವನೀಗ ಎರಡು ಮಕ್ಕಳ ತಂದೆ. "ಆಗ ನಂಗೆ ಹದಿನಾಲ್ಕು ವರ್ಷ ಅಕ್ಕಾ, ಗೊತ್ತಾಗ್ಲಿಲ್ಲ" ಎಂದು ಬರೆದ. ಮೃಗಕ್ಕೆ ಒಂದೊಂದಾಗಿ ಮುಖಗಳು ಮೂಡತೊಡಗಿದವು. ಹೆಚ್ಚಿನವು ಸಾಧಾರಣ ಮುಖಗಳು.

ಸಾವಿರಾರು ನಗುವಿನ ಕೆಳಗೆ ಒಂದು ಕಡೆ, ದಾವಾವ್ ಕಡಲತೀರದ ಹೆಂಗಸೊಬ್ಬಳು ಬರೆದಿದ್ದಳು: "ಎಲ್ಲರೂ ನಗ್ತೀರಿ. ನಾನು ಇದನ್ನ ನೋಡಿ ಅಳ್ತೀನಿ. ನಮ್ಮೆಜಮಾನ್ರೂ ದೋಣಿ ತಗೊಂಡು ಹೋದೋರು, ಹೇಳ್ದೆ ಹೋಗ್ಬಿಟ್ರು." ಡೊರಿಲಿನ್ ಆ ಸಾಲನ್ನು ಮತ್ತೆ ಮತ್ತೆ ಓದಿದಳು. ತನ್ನ ಅಳುವನ್ನು ಅಳುವೆಂದೇ ತಿಳಿದವರು ಒಬ್ಬರಿದ್ದರು, ಅದೂ ಅದೇ ಚರಂಡಿಯಲ್ಲಿ. ಅಲ್ಲಿಗೆ ಅವಳು ಇಣುಕಿಯೇ ನೋಡಿರಲಿಲ್ಲ.

ಕೊನೆಗೆ ಎಲ್ಲಕ್ಕಿಂತ ಹಳೆಯದು ಸಿಕ್ಕಿತು. ನಗೆಯ ಸದ್ದಿಲ್ಲ, ಹೃದಯವಿಲ್ಲ. ಟಿವಿಯ ಪರದೆಗೇ ಫೋನು ಹಿಡಿದು ಅಲುಗಾಡುವ ಕೈಯಿಂದ ತೆಗೆದ ವಿಡಿಯೋ. ಮೇಲೆ ಒಕ್ಕಣೆ ಹೀಗಿತ್ತು: "ಇವಳು ನನ್ನ ತಂಗಿ. ಹಂದಿಯ ಹೆಸರು ಬಾರ್ತೋ, ಎಡಗಿವಿ ಹರಿದಿದೆ, ಹೆಸರು ಹಿಡಿದು ಕರೆದರೆ ಬರುತ್ತಾನೆ. ಹೊಳೆಯ ಕೆಳಗಿನ ಊರಿನವರಿಗೆ ಯಾರಿಗಾದರೂ ಸಿಕ್ಕರೆ ದಯವಿಟ್ಟು ಕೊಯ್ಯಬೇಡಿ. ಫೋನು ಮಾಡಿ." ಹಾಕಿದವನ ಹೆಸರು ಎಲ್ಮಾರ್.

"ಅಯ್ಯೋ ದೇವ್ರೇ, ಕೊಯ್ಯಬೇಡಿ ಅಂತೆ!" ಎಂದು ಚೆಸ್ಕಾ ನಗಲು ಹೋಗಿ ಗೆಳತಿಯ ಮುಖ ನೋಡಿ ನಿಲ್ಲಿಸಿದಳು. "ಏನಾಯ್ತೇ?"

"ಎಲ್ಮಾರ್ ನಮ್ಮ ದೊಡ್ಡಪ್ಪನ ಮಗ" ಎಂದಳು ಡೊರಿಲಿನ್. ಮುಂಗೂದಲನ್ನು ಕೈಯಿಂದ ಹಿಂದಕ್ಕೆ ಸರಿಸಿದಳು. "ಸರಿಯಾಗಿ ನೋಡು ನನ್ನ."

ಚೆಸ್ಕಾ ಅವಳನ್ನು ನೋಡಿದಳು, ಪರದೆ ನೋಡಿದಳು. ಮುಖ ಬಿಳಿಚಿತು. ಆಮೇಲೆ ಅತ್ತಳು. "ನಾನು ನಿನ್ನ ಎದುರಿಗೇ ಎಷ್ಟು ಸಲ... ನೀನು ಸತ್ತೆ ಅಂತ ಬೇರೆ ಹೇಳ್ದೆ... ಯಾಕೇ ಸುಮ್ನಿದ್ದೆ?"

"ಹೇಳಿದ್ರೆ ನೀನು ಹುಡುಕೋದು ಬಿಟ್ಬಿಡ್ತಿದ್ದೆ" ಎಂದಳು ಡೊರಿಲಿನ್. ತಾನು ಅಳುತ್ತಿಲ್ಲ ಎಂಬುದು ಅವಳಿಗೇ ಆಶ್ಚರ್ಯವಾಗಿತ್ತು.

ಎಲ್ಮಾರ್ ಸರಾಗಾದ ಸಂತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಅವಳಿಗಿಂತ ಆರು ವರ್ಷ ದೊಡ್ಡವನು, ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ತಿರುಗಿದವನು. ಅಂದು ಸಂಜೆ ಅವಳು ಜೀಪ್ನಿ ಇಳಿದವಳೇ ನೇರ ಅಂಗಡಿಗೆ ಹೋದಳು.

"ನೋಂಗ್, ಮೊದಲು ಹಾಕಿದ್ದು ನೀನಾ?" ಎಂದಳು, ಅಣ್ಣನನ್ನು ಯಾವಾಗಲೂ ಕರೆಯುವ ಹಾಗೆಯೇ.

ಏನನ್ನು ಎಂದು ಅವನು ಕೇಳಲಿಲ್ಲ. ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಹಂದಿ ಹುಡುಕೋಕೆ ಹಾಕಿದ್ದೆ ಡಾಯ್" ಎಂದ, ಚಿಕ್ಕ ಹುಡುಗಿಯರನ್ನು ಮುದ್ದಿನಿಂದ ಕರೆಯುವ ಹಾಗೆ. "ನೀನು ಊಟ ಬಿಟ್ಟು ಕೂತಿದ್ದೆ. ಕಾಸು ಹಾಕಿದ್ರೆ ಓಡೋ ಕಂಪ್ಯೂಟರ್ ಅಂಗ್ಡೀಲಿ ಕೂತು ಹಾಕ್ದೆ. ಕೆಳಗಿನ ಊರೋರು ಯಾರಾದ್ರೂ ನೋಡ್ತಾರೆ ಅಂದ್ಕೊಂಡೆ. ಫೋನು ಬಂತು, ನೂರಾರು ಬಂತು. ಎಲ್ಲಾ ಗುರ್ ಗುರ್ ಅನ್ನೋರೇ."

"ಅಳಿಸ್ಬಹುದಿತ್ತಲ್ಲ?"

"ಪಾಸ್‌ವರ್ಡ್ ಮರ್ತೋಯ್ತು."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಸಿಟ್ಟು ನೆತ್ತಿಗೇರಿತು. "ಒಂಬತ್ತು ವರ್ಷ ನೋಂಗ್! ದಾರೀಲಿ ಹುಡುಗ್ರು ಗುರ್ ಅಂದಾಗ ನೀನು ಅವರನ್ನ ಅಟ್ಟಿಸ್ಕೊಂಡು ಹೋಗ್ತಿದ್ದೆ. ನಾನು ನಿನ್ನ ದೇವ್ರು ಅಂದ್ಕೊಂಡಿದ್ದೆ. ಒಂದ್ ಸಲ, ಒಂದೇ ಒಂದ್ ಸಲ ಬಾಯಿ ಬಿಟ್ಟು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ನನ್ ಹತ್ರ ಮಾತು ಬಿಡ್ತಿದ್ದೆ."

"ಈಗ ಬಿಡ್ತೀನಿ" ಎಂದು ಅವಳು ಹೊರಟು ಬಂದಳು.

ಮಾತು ಬಿಟ್ಟೇಬಿಟ್ಟಳು. ಡೋರಾ ನಡುವೆ ಬಿದ್ದು ಸಂಧಾನ ಮಾಡಲು ಬಂದಾಗ ಮಗಳು, "ಅಮ್ಮಾ, ನೀನೂ ನಕ್ಕಿದ್ದೆ" ಎಂದುಬಿಟ್ಟಳು. ಡೋರಾ ಅನ್ನಕ್ಕಿಟ್ಟ ಒಲೆಯ ಕೊಳ್ಳಿ ಹಿಂದಕ್ಕೆಳೆದಳು. "ನಕ್ಕಿದ್ದೆ ಕಣೇ" ಎಂದಳು. "ಮನೆ ಹೋಗಿತ್ತು, ಗದ್ದೆ ಹೋಗಿತ್ತು. ಆ ಮಳೆ ಶುರುವಾದಾಗಿಂದ ನಕ್ಕೇ ಇರ್ಲಿಲ್ಲ. ನಿನ್ನ ಮುಖ ನೋಡಿದ್ದೇ ನಗು ಬಂದ್ಬಿಡ್ತು. ತಪ್ಪೇ ಅದು." ಅಂದು ಊಟಕ್ಕೆ ಮಗಳು ತಾಯಿಯ ಪಕ್ಕದಲ್ಲೇ ಕೂತಳು.

ತರಗತಿಯಲ್ಲಿ ವರದಿ ಓದುವ ದಿನ ಅರ್ಧ ಭಾಗ ಚೆಸ್ಕಾ ಓದಿದಳು. ಉಳಿದರ್ಧಕ್ಕೆ ಡೊರಿಲಿನ್ ಎದ್ದಳು. "ಇದು ಕಳೆದುಹೋದ ಹಂದೀನ ಹುಡುಕಿಕೊಡಿ ಅಂತ ಹಾಕಿದ್ದು. ಆ ಹುಡುಗಿ ಸತ್ತಿಲ್ಲ. ದುಬೈಗೂ ಹೋಗಿಲ್ಲ. ನಾನೇ ಅವಳು" ಎಂದಳು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಒಂಟಿಯಾಗಿ ಸತ್ತುಹೋಯಿತು. ಮ್ಯಾಮ್ ಲೂಡಿ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಮ್ಮ ದೊಡ್ಡ ಗಂಟಲನ್ನು ಆದಷ್ಟು ತಗ್ಗಿಸಿ, "ಮುಂದೆ ಓದು ಡಾಯ್, ಇನ್ನೂ ಎರಡು ಪುಟ ಇದೆ" ಎಂದರು. ಅವರು ಆಗ ಹೊಗಳಿದ್ದರೆ, ಸಮಾಧಾನ ಮಾಡಿದ್ದರೆ ಅವಳು ಕುಸಿದುಬಿಡುತ್ತಿದ್ದಳು. ಮುಂದೆ ಓದು ಎಂದದ್ದೇ ಒಳ್ಳೆಯದಾಯಿತು.

ಆಮೇಲೆ ಲೋಕವೇನೂ ಬದಲಾಗಲಿಲ್ಲ. ಅವಳು ಬಟನ್ ಫೋನು ಬದಲಿಸಿ, ತನ್ನ ಹೆಸರಿನಲ್ಲೇ ಒಂದು ಅಕೌಂಟು ತೆರೆದು, ತುಣುಕು ಹಾಕಿದ ಪೇಜುಗಳಿಗೆಲ್ಲ ತೆಗೆಯಿರಿ ಎಂದು ಬರೆದಳು. ಕೆಲವರು ಕ್ಷಮೆ ಕೇಳಿ ತೆಗೆದರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ದೊಡ್ಡ ಪೇಜೊಂದು ಉತ್ತರವಾಗಿ ಅದೇ ಸ್ಟಿಕ್ಕರನ್ನು ಕಳಿಸಿತು. ಆ ದಿನ ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ದಾವಾವಿನ ಹೆಂಗಸಿಗೂ ನಾಲ್ಕು ಸಾಲು ಬರೆದಳು. ಅದಕ್ಕೆ ಉತ್ತರ ಬಂತು. ಈಗಲೂ ಆಗಾಗ ಇಬ್ಬರೂ ಮಾತಾಡುತ್ತಾರೆ, ಹೆಚ್ಚಾಗಿ ಒಣಮೀನಿನ ವಿಚಾರ.

ಎಲ್ಮಾರ್ ಜೊತೆ ಮಾತು ಮರಳಲು ಮಾವಿನ ಕಾಲ ಬರಬೇಕಾಯಿತು. ಅವನು ಒಂದು ಬುಟ್ಟಿ ಹಣ್ಣು ತಂದು ಬಾಗಿಲಲ್ಲಿ ನಿಂತ. ಅವಳು ಒಂದು ಹಣ್ಣು ಹೆಚ್ಚಿ, ಗೊರಟೆ ಅವನ ಕೈಗಿಟ್ಟು, ತಿರುಳು ತಾನಿಟ್ಟುಕೊಂಡಳು. "ನಿನಗೆ ಇಷ್ಟೇ" ಎಂದಳು. ಅವನು ಹಲ್ಲು ಕಿರಿದು ಗೊರಟೆ ಚೀಪಿದ.

ಈಗ ಡೊರಿಲಿನ್ ಹೊಳೆಯ ಆಚೆ ದಡದ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಟೀಚರು. ಇಂಟರ್ನೆಟ್ಟನ್ನು ಬೈಯುವುದಿಲ್ಲ, ಪೂರ್ತಿ ನಂಬುವುದೂ ಇಲ್ಲ. ಒಬ್ಬರ ಫೋಟೋ ಹಾಕುವ ಮೊದಲು ಅವರನ್ನು ಕೇಳಿ ಎಂದು ಮಕ್ಕಳಿಗೆ ಹೇಳುತ್ತಾಳೆ. ಮಕ್ಕಳು ಅರ್ಧ ಕೇಳುತ್ತವೆ, ಅರ್ಧ ಮರೆಯುತ್ತವೆ.

ಮೊನ್ನೆ ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮ್ಯಾಮ್, ನಮ್ಮಣ್ಣನ ಫೋನಲ್ಲಿ ಒಂದು ವಿಡಿಯೋ ಇದೆ. ಅದರಲ್ಲಿರೋದು ನೀವಾ?" ಎಂದಳು.

"ಹೌದು, ನಾನೇ."

"ಬಾರ್ತೋ ಸಿಕ್ಕಿದ್ನಾ ಮ್ಯಾಮ್?"

ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಅವಳು ಸೀಮೆಸುಣ್ಣ ಕೆಳಗಿಟ್ಟು ಮೇಜಿನ ತುದಿಯ ಮೇಲೆ ಕೂತಳು.

"ಇಲ್ಲ, ಸಿಗ್ಲಿಲ್ಲ."

"ಅವನಿಗೆ ಈಜು ಬರ್ತಿತ್ತಾ?" ಎಂದು ಇನ್ನೊಬ್ಬ ಕೇಳಿದ. "ಏನು ತಿಂತಿದ್ದ? ದಪ್ಪಗಿದ್ನಾ?" ಎಂದು ಮೂರನೆಯವಳು. ಹತ್ತಾರು ಕೈಗಳು ಮೇಲೆದ್ದವು.

"ಒಬ್ಬೊಬ್ರೇ, ಒಬ್ಬೊಬ್ರೇ" ಎಂದಳು ಡೊರಿಲಿನ್. "ಪಪ್ಪಾಯ ಅಂದ್ರೆ ಪ್ರಾಣ. ಸಿಪ್ಪೆ ಮಾತ್ರ ಮುಟ್ತಿರ್ಲಿಲ್ಲ, ಜಂಬದವನು."