ವಾಡಿಯಲ್ಲಿ ಎರಡು ಸಲ ಹೇಳಿದ ಮಾತು

ಫೆಬ್ರುವರಿ ಹನ್ನೊಂದು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ನಾಗಪುರ, ಪ್ರತಾಪ ನಗರದ ನಮ್ಮ ಕಟ್ಟಡದ ನೆಲಮಹಡಿಯ ಮನೆ. ಹಾಜರಿದ್ದವರು ಮೂವರು: ತೀರಿಕೊಂಡ ಫೌಜದಾರನ ತಾಯಿ, ಅವನ ಹೆಂಡತಿ ಮತ್ತು ನಾನು. ಮೇಜಿನ ಮೇಲೆ ಕೋರ್ಟಿಗೆ ಸಲ್ಲಿಸಿದ ದೋಷಾರೋಪ ಪಟ್ಟಿಯ ನಕಲು ಇತ್ತು. ಎಲ್ಲವೂ ಮರಾಠಿಯಲ್ಲಿ.

ಅವನು ಸಂಚಾರಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್. ಇಲ್ಲಿ ಎಲ್ಲರೂ ಫೌಜದಾರ ಎನ್ನುತ್ತಾರೆ. ನವೆಂಬರಿನ ಒಂದು ಬೆಳಿಗ್ಗೆ ಊರ ಹೊರಗಿನ ವಾಡಿಯಲ್ಲಿ ಮಂಜು ದಟ್ಟವಾಗಿತ್ತು. ಅಮರಾವತಿ ರಸ್ತೆಯಲ್ಲಿ ಒಂದು ಲಾರಿ ಮಗುಚಿ ಬಿದ್ದಿತ್ತು. ಹಿಂದಿನಿಂದ ಬರುವ ಗಾಡಿಗಳನ್ನು ಪಕ್ಕಕ್ಕೆ ತಿರುಗಿಸಲು ಅವನು ರಸ್ತೆಯ ನಡುವೆ ನಿಂತಿದ್ದ. ಒಂದು ಕಂಟೇನರ್ ಲಾರಿ ತಿರುಗಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅವನನ್ನು ರಸ್ತೆ ಬದಿಯ ಚಹಾದಂಗಡಿಯ ಮುಂದೆ ಮಲಗಿಸಿದ್ದರು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು. ವಯಸ್ಸು ನಲವತ್ತೊಂದು.

ಸೊಸೆ ಮರಾಠಿಯವಳು, ಶಾಲೆಯಲ್ಲಿ ಶಿಕ್ಷಕಿ. ನಕಲನ್ನು ಅವಳು ಓದಿದ್ದಳು. ಚಹಾದಂಗಡಿಯವನ ಹೇಳಿಕೆಯಲ್ಲಿದ್ದ ಒಂದು ಮಾತನ್ನು ಅತ್ತೆಗೆ ಹೇಳಿದ್ದಳು. ಹೇಳಬಾರದಿತ್ತು ಎಂದು ಆಮೇಲೆ ನನ್ನ ಹತ್ತಿರ ಅತ್ತಳು. ಆ ಮಾತು ಇಷ್ಟೆ: "ಸಾಹೇಬರು ತಮ್ಮ ಭಾಷೆಯಲ್ಲಿ ಎರಡು ಸಲ ಏನೋ ಹೇಳಿದರು. ನನಗೆ ತಿಳಿಯಲಿಲ್ಲ."

"ಅಣ್ಣಾರ, ನೀರು ಬೇಡಿದ್ನೋ ಏನೋ," ಎಂದರು ತಾಯಿ. "ಅಲ್ಲಿ ಯಾರಿಗೂ ತಿಳೀಲಿಲ್ಲೋ ಏನೋ. ಅಷ್ಟ ನನಗ ಗೊತ್ತಾಗಬೇಕು."

"ಆಯಿ, ನೀರು ಬೇಕಿದ್ದರೆ ಪಾಣಿ ಅಂತಲೇ ಕೇಳ್ತಿದ್ರು," ಎಂದಳು ಸೊಸೆ ಮರಾಠಿಯಲ್ಲಿ. "ದಿನವಿಡೀ ಮರಾಠಿಯಲ್ಲೇ ಇದ್ದವರು ಅವರು."

"ಸಣ್ಣಾಂವಿದ್ದಾಗ ಜ್ವರ ಬಂದ್ರ ಮರಾಠಿಯೊಳಗ ನರಳ್ತಿದ್ನೇನು?" ಎಂದರು ತಾಯಿ. ಸೊಸೆ ಚೀಲ ಹೆಗಲಿಗೆ ಹಾಕಿಕೊಂಡಳು. ಶಾಲೆಗೆ ಹೊತ್ತಾಗಿತ್ತು, ಹೊರಟಳು.

ತಾಯಿ ನನಗೆ ಎರಡು ಕೆಲಸ ಹಚ್ಚಿದರು. ಒಂದು, ಆ ಹೇಳಿಕೆಯನ್ನು ಪೂರ್ತಿ ಕನ್ನಡದಲ್ಲಿ ಬರೆದುಕೊಡಬೇಕು. ನಲವತ್ತೈದು ವರ್ಷದಿಂದ ನಾಗಪುರದಲ್ಲಿದ್ದು ಅವರು ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಓದಲು ಮಾತ್ರ ಕನ್ನಡವೊಂದೇ ಬರುತ್ತದೆ. ಎರಡು, ಆ ಚಹಾದಂಗಡಿಯವನ ಹತ್ತಿರ ಅವರನ್ನು ಕರೆದುಕೊಂಡು ಹೋಗಬೇಕು.

ನನ್ನನ್ನೇ ಏಕೆ ಕೇಳಿದರು ಎಂಬುದನ್ನು ಹೇಳಬೇಕು. ಅವರ ಯಜಮಾನರು ಗದಗದ ಕಡೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ನಾನು ಧಾರವಾಡ ಜಿಲ್ಲೆಯವನು. ಮದ್ದುಗುಂಡು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಕಟ್ಟಡದಲ್ಲಿ ಕನ್ನಡದವರು ಎರಡೇ ಮನೆ. ಗಾರ್ಡ್ ಸಾಹೇಬರು ತೀರಿಕೊಂಡ ಮೇಲೆ ಅವರ ಮನೆಯ ಕಾಗದಪತ್ರಗಳನ್ನೆಲ್ಲ ನಾನೇ ನೋಡಿಕೊಟ್ಟಿದ್ದೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂಬ ನಂಬಿಕೆ ಅವರಿಗಿತ್ತು.

ಹತ್ತು ಗಂಟೆಗೆ ಗೇಟಿನ ಹತ್ತಿರ ಇರುತ್ತೇನೆ ಎಂದಿದ್ದೆ. ಹತ್ತಕ್ಕೆ ನಿಂತಿದ್ದೆ. ಅವರು ಬಂದದ್ದು ಐದು ನಿಮಿಷ ತಡವಾಗಿ.

"ನಿಮ್ಮ ಗಡಿಯಾರ ನೋಡಿ ಸೂರ್ಯ ಹುಟ್ತಾನೇನು ಅಣ್ಣಾರ?" ಎಂದರು ಆಟೋ ಹತ್ತುತ್ತ. ಮಗ ಹೋದ ಮೇಲೆ ಅವರ ಬಾಯಿಂದ ಚೇಷ್ಟೆಯ ಮಾತು ಕೇಳಿದ್ದು ಅದೇ ಮೊದಲು. ಏನೋ ಒಂದು ಸಿಕ್ಕೀತು ಎಂಬ ಆಸೆಯಲ್ಲಿ ಅವರು ಹೊರಟಿದ್ದರು.

ದಾರಿಯಲ್ಲಿ ನನಗೆ ಅವನು ನೆನಪಾಗುತ್ತಲೇ ಇದ್ದ. ಅವನು ಕನ್ನಡ ಮಾತಾಡುತ್ತಿದ್ದುದು ತಾಯಿಯ ಜೊತೆ, ಬಿಟ್ಟರೆ ನನ್ನ ಜೊತೆ. ಓದಲು ಬರುತ್ತಿರಲಿಲ್ಲ. ಒಮ್ಮೆ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರ್ ಬಿಳಿ ಗೆರೆಯನ್ನು ಒಂದು ಗೇಣು ದಾಟಿ ನಿಂತಿತ್ತು. ಕರ್ತವ್ಯದ ಮೇಲಿದ್ದವನು ಅವನೇ. ಹತ್ತಿರ ಬಂದು ಸೆಲ್ಯೂಟ್ ಹೊಡೆದು, ಸುತ್ತ ನಿಂತವರಿಗೆ ತಿಳಿಯದಿರಲೆಂದು ಮೆಲ್ಲಗೆ ಕನ್ನಡದಲ್ಲಿ, "ಕಾಕಾ, ಗೆರಿ ದಾಟೀರಿ. ಚಲನ್ ಹರಿಯೂದ ನೋಡ್ರಿ. ನಿಮಗ ಬಿಟ್ರ ನೀವ ನನ್ನ ಬೈತೀರಿ," ಎಂದ. ಹರಿದ. ನಾನು ಸಹಿ ಹಾಕಿ ದಂಡ ಕಟ್ಟಿದೆ. ಸಂಜೆ ಅವನ ತಾಯಿ ನಮ್ಮ ಮನೆಗೆ ಬಂದು ಅವನ ಪರವಾಗಿ ಕ್ಷಮೆ ಕೇಳಿದರು. ಕ್ಷಮೆ ಕೇಳುವಂಥದ್ದು ಏನೂ ಇಲ್ಲ, ಅಂಥ ಮಗ ಇರಬೇಕು ಎಂದೆ. ಅದನ್ನು ಅವನ ಮುಂದೆ ಒಮ್ಮೆಯೂ ಹೇಳಲಿಲ್ಲ.

ವಾಡಿ ಹತ್ತಿರವಾದಾಗ ತಾಯಿಗೆ ಒಂದು ಸೂಚನೆ ಕೊಟ್ಟೆ.

"ಅಕ್ಕಾರ, ನೀವು ಮೊದಲ ಏನೂ ಅನಬ್ಯಾಡ್ರಿ. ಅಂವಗ ನೆನಪಿದ್ದದ್ದು ಅಂವನ ಹೇಳಲಿ. ನಾವು ಒಂದು ಶಬ್ದ ಬಾಯಾಗ ಇಟ್ರ ಅದನ್ನ ಹೇಳ್ತಾನ."

"ಆತು," ಎಂದರು.

ಕಾರ್ಖಾನೆಯಲ್ಲಿ ಒಂದು ವಸ್ತುವನ್ನು ಇಬ್ಬರು ಅಳೆಯುತ್ತಿದ್ದೆವು. ಮೊದಲನೆಯವನಿಗೆ ಬಂದ ಅಳತೆಯನ್ನು ಎರಡನೆಯವನಿಗೆ ಹೇಳುವಂತಿರಲಿಲ್ಲ. ಹೇಳಿದರೆ ಅವನ ಕಣ್ಣು ಅದನ್ನೇ ಕಾಣುತ್ತದೆ. ಈ ನಿಯಮವನ್ನು ನಾನು ಎಷ್ಟೋ ಜನ ಹೊಸಬರಿಗೆ ಕಲಿಸಿದ್ದೇನೆ.

ಅಂಗಡಿ ಎಂದರೆ ನಾಲ್ಕು ಕಂಬ, ತಗಡು, ಒಂದು ಸ್ಟವ್, ಎರಡು ಬೆಂಚು. ಹಿಂದೆ ಗೋದಾಮುಗಳ ಸಾಲು, ಮುಂದೆ ನಿಂತ ಲಾರಿಗಳು. ಅಂಗಡಿಯವನಿಗೆ ಐವತ್ತರ ಹತ್ತಿರ ವಯಸ್ಸಿರಬೇಕು. ನಾವು ಯಾರೆಂದು ತಿಳಿದೊಡನೆ ಸ್ಟವ್ ಆರಿಸಿದ, ಗಿರಾಕಿಗಳನ್ನು ಎಬ್ಬಿಸಿದ, ಬೆಂಚನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ತಾಯಿಯನ್ನು ಕೂರಿಸಿದ. ಇಲ್ಲಿನ ಬೆರಕೆ ಹಿಂದಿಯಲ್ಲಿ ತಾನಾಗಿಯೇ ಮಾತಾಡತೊಡಗಿದ.

"ಅಮ್ಮಾಜಿ, ಈ ಬೆಂಚು ರಸ್ತೆಗೆ ಬಂತು ಅಂತ ಸಾಹೇಬರು ಎರಡು ಸಲ ಜಪ್ತಿ ಮಾಡಿದ್ರು. ಎರಡು ಸಲವೂ ಸಂಜೆ ತಾವೇ ತಂದುಕೊಟ್ಟು ಇದರ ಮೇಲೇ ಕೂತು ಚಹಾ ಕುಡಿದ್ರು. 'ಬೆಂಚು ಚೆನ್ನಾಗಿದೆ, ಜಾಗ ಮಾತ್ರ ಸರಿ ಇಲ್ಲ' ಅಂದ್ರು."

ತಾಯಿಯ ಮುಖದಲ್ಲಿ ನಗೆ ಬಂದು ಹೋಯಿತು. ನಾನು ಕ್ರಮವಾಗಿ ಕೇಳಿದೆ. ನೀನು ಎಲ್ಲಿ ನಿಂತಿದ್ದೆ, ಏನು ನೋಡಿದೆ, ಆಮೇಲೆ ಏನು ಕೇಳಿಸಿತು. ಅವನೂ ಕ್ರಮವಾಗಿಯೇ ಹೇಳಿದ. ಜೊತೆಯ ಪೊಲೀಸರು ಆಂಬುಲೆನ್ಸಿಗೆ ದಾರಿ ಮಾಡಲು ಓಡಿದ್ದರು. ಹತ್ತಿರ ಕೂತವನು ಇವನೊಬ್ಬನೇ. ಸಾಹೇಬರು ಇವನ ಪ್ಯಾಂಟಿನ ಅಂಚನ್ನು ಹಿಡಿದುಕೊಂಡಿದ್ದರು.

"ಏನೋ ಅಂದ್ರು. ನಾನು, 'ಸಾಹೇಬ, ಮರಾಠಿಯಲ್ಲಿ ಹೇಳಿ' ಅಂದೆ. ನನ್ನ ಮುಖ ನೋಡಿದ್ರು. ಮತ್ತೆ ಅದನ್ನೇ ಅಂದ್ರು. ಆಮೇಲೆ ಏನೂ ಅನ್ನಲಿಲ್ಲ."

"ದೊಡ್ಡ ಮಾತೋ, ಸಣ್ಣದೋ?"

"ಸಣ್ಣದು, ಕಾಕಾಜಿ."

"ನೀರು ಕೊಟ್ಟೆಯಾ?" ಎಂದು ತಾಯಿ ಕೇಳಿಬಿಟ್ಟರು.

ಅವನು ತಲೆ ತಗ್ಗಿಸಿದ. "ಗ್ಲಾಸು ಕೈಯಲ್ಲೇ ಇತ್ತು ಅಮ್ಮಾಜಿ. ಪೆಟ್ಟು ಬಿದ್ದವರಿಗೆ ನೀರು ಕೊಡಬಾರದು ಅಂತ ಲಾರಿಯವರು ಕೂಗಿದ್ರು. ಕೊಡಲಿಲ್ಲ."

ಲಾರಿಯವರು ಹೇಳಿದ್ದು ಸರಿ. ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ನಮಗೂ ಅದನ್ನೇ ಕಲಿಸಿದ್ದರು. ಆ ಹೊತ್ತಿನಲ್ಲಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ತಾಯಿ ನನ್ನ ಸೂಚನೆಯನ್ನು ಮೀರಿ ಮುಂದಕ್ಕೆ ಬಾಗಿ ಕೇಳಿದರು. "'ಅವ್ವಾ' ಅಂದನಾ? ಎರಡು ಸಲ? ಅವ್ವಾ, ಅವ್ವಾ?"

ಅಂಗಡಿಯವನು ಅವರ ಮುಖವನ್ನೇ ನೋಡಿದ. "ಹೌದು ಅಮ್ಮಾಜಿ. ಹಾಗೇ ಏನೋ ಇತ್ತು. ಹಾಗೇ."

ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತರು, ಆದರೆ ಭುಜ ಇಳಿದವು. ಮೂರು ತಿಂಗಳಿಂದ ಬಿಗಿದುಕೊಂಡೇ ಇದ್ದ ಭುಜ ಅವು. ನಾನು ಅಲ್ಲಿಗೆ ಎದ್ದು ಆಟೋ ಕರೆಯಬಹುದಿತ್ತು.

ಕರೆಯಲಿಲ್ಲ. ಉತ್ತರ ಬಂದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ತಪಾಸಣೆಗಾರನ ಮೇಲೆ ಸಂಶಯ ಬಂದರೆ ಒಳ್ಳೆಯ ಮಾಲಿನ ನಡುವೆ ಗೊತ್ತಿದ್ದೂ ಒಂದು ಕೆಟ್ಟದ್ದನ್ನು ಇಟ್ಟು ನೋಡುವುದು ನಮ್ಮ ವಿಭಾಗದ ಪದ್ಧತಿ. ಅದನ್ನೂ ಪಾಸು ಮಾಡಿದರೆ ಅವನು ಪಾಸು ಮಾಡಿದ ಯಾವುದಕ್ಕೂ ಬೆಲೆಯಿಲ್ಲ.

"ಇನ್ನೆರಡು ಶಬ್ದ ಹೇಳ್ತೇನೆ, ಕೇಳು," ಎಂದೆ ಅವನಿಗೆ. "'ನೀರು' ಅಂದರಾ?"

"ಅದೂ ಇರಬಹುದು, ಕಾಕಾಜಿ."

"'ಕಿಟಕಿ' ಅಂದರಾ?"

ಅವನು ಯೋಚಿಸಿದ. ಪ್ರಾಮಾಣಿಕವಾಗಿಯೇ ಯೋಚಿಸಿದ. "ಹೌದು, ಸುಮಾರು ಹಾಗೇ ಕೇಳಿಸಿತ್ತು."

ತಾಯಿ ಸೆರಗು ತೆಗೆದು ನನ್ನ ಕಡೆ ನೋಡಿದರು. ಸಾಯುತ್ತಿದ್ದ ಮಗ ಕಿಟಕಿ ಎನ್ನುವುದಿಲ್ಲ ಎಂದು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿದ. ಏನೋ ತಪ್ಪಾಯಿತೆಂದು ಅವನಿಗೂ ಗೊತ್ತಾಯಿತು.

"ಅಮ್ಮಾಜಿ, ನಿಮಗೆ ಸಮಾಧಾನವಾಗಲಿ ಅಂತ ಅಂದೆ," ಎಂದ. "ನಿಜ ಹೇಳಬೇಕಂದ್ರೆ ನನಗೆ ದನಿ ನೆನಪಿದೆ. ಮಾತು ನೆನಪಿಲ್ಲ."

ಚಹಾ ಮಾಡುತ್ತೇನೆ ಎಂದ. ಬೇಡವೆಂದೆವು.

ಆಟೋದಲ್ಲಿ ಬಹಳ ದೂರ ಬಂದ ಮೇಲೆ ಅವರು ಕೇಳಿದರು. "ಕಿಟಕಿ ಯಾಕ ಅಂದ್ರಿ ಅಣ್ಣಾರ?"

ಪದ್ಧತಿಯನ್ನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಬರೋಬರ್ ಅದ. ನಿಮ್ಮದು ತಪ್ಪಲ್ಲ," ಎಂದರು. ಆಮೇಲೆ ರಸ್ತೆಯ ಕಡೆ ಮುಖ ಮಾಡಿ, "ಅದೊಂದು ಕೇಳದ ಇದ್ದಿದ್ರ ನಡೀತಿತ್ತು," ಎಂದರು.

ಕ್ಷಮಿಸಿ ಎನ್ನಬಹುದಿತ್ತು. ಅಂದಿದ್ದರೆ ಏನು ತಿರುಗಿ ಬರುತ್ತಿತ್ತು? ಅಂಗಡಿಯವನ ಆ ಒಂದು 'ಹೌದು' ಇನ್ನು ಸಿಗುವಂತಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವರೇ ಮತ್ತೆ ಮಾತಾಡಿದರು. "ಅಂವ ಕನ್ನಡ ಮಾತಾಡ್ತಿದ್ದದ್ದು ಯಾರ ಹಂತ್ಯಾಕ? ನನ್ನ ಹಂತ್ಯಾಕ, ನಿಮ್ಮ ಹಂತ್ಯಾಕ. ನಿಮಗೇನು ಹೇಳೂದಿತ್ತು ಅಂವಗ? ನನಗ ಹೇಳ್ಯಾನ. ನನಗ ಹೇಳಿದ್ದು ನನಗ ಮುಟ್ಟಲಿಲ್ಲ."

ಹನ್ನೆರಡೂ ಕಾಲು ಗಂಟೆಗೆ ಗೇಟಿನ ಮುಂದೆ ಇಳಿದೆವು. ಅವರು ಬಾಗಿಲ ಮುಂದಿನ ಮೆಟ್ಟಿಲು ಹತ್ತುವಾಗ ಕೈ ಕೊಡಲು ಹೋದೆ, ಹಿಡಿಯಲಿಲ್ಲ.

ಮಧ್ಯಾಹ್ನ ಎರಡರಿಂದ ಉಳಿದ ಕೆಲಸಕ್ಕೆ ಕೂತೆ. ಹೇಳಿಕೆ ಮರಾಠಿಯಲ್ಲಿ ಎರಡೂವರೆ ಪುಟ. ಕನ್ನಡದಲ್ಲಿ ನಾಲ್ಕಾಯಿತು. ಪೊಲೀಸ್ ಬರವಣಿಗೆಯ ಉದ್ದುದ್ದ ವಾಕ್ಯಗಳನ್ನು ಮುರಿದೆ, ಒಂದು ಸಂಗತಿಯನ್ನೂ ಬಿಡಲಿಲ್ಲ. ಆ ವಾಕ್ಯ ಬಂದಾಗ ಪೆನ್ನು ಕೆಳಗಿಟ್ಟು ಎದ್ದು ನೀರು ಕುಡಿದು ಬಂದೆ. ಇದ್ದ ಹಾಗೆಯೇ ಬರೆದೆ.

ಆರು ಗಂಟೆಗೆ ನಾಲ್ಕು ಹಾಳೆಗಳನ್ನು ಒಯ್ದು ಕೊಟ್ಟೆ. ಸೊಸೆ ಅಡುಗೆಮನೆಯಲ್ಲಿದ್ದಳು. ನನ್ನ ಮುಖ ನೋಡಿ ತಿರುಗಿ ಒಲೆಯ ಕಡೆ ಹೋದಳು. ತಾಯಿ ಕನ್ನಡಕ ಹಾಕಿಕೊಂಡು ಬೆರಳಿಟ್ಟು ನಿಧಾನವಾಗಿ ಓದಿದರು. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಅಣ್ಣಾರ, ಈ ಹಾಳಿ ಇನ್ನೊಂದ ಸಲ ಬರೀತೀರೇನು?"

"ತಪ್ಪೇನರ ಆಗೇದೇನ್ರಿ?"

"ತಪ್ಪಿಲ್ಲ. 'ಎರಡು ಸಲ ಏನೋ ಹೇಳಿದರು' ಅಂತ ಅದ ನೋಡ್ರಿ, ಇದರ ಕೆಳಗ ಎರಡ ಸಾಲು ಖಾಲಿ ಬಿಡ್ರಿ."

ಯಾಕೆಂದು ಕೇಳಲಿಲ್ಲ. ದಾಖಲೆಯಲ್ಲಿ ಖಾಲಿ ಜಾಗ ಬಿಡಬಾರದು, ಉಳಿದರೆ ಅಡ್ಡಗೆರೆ ಎಳೆದು ಸಹಿ ಮಾಡಬೇಕು ಎಂದು ನಾನೇ ಜೀವಮಾನವಿಡೀ ಹೇಳುತ್ತ ಬಂದಿದ್ದೆ. ಹಾಳೆಯನ್ನು ತೆಗೆದುಕೊಂಡು ಮೇಲೆ ಹೋದೆ. ಆ ವಾಕ್ಯದ ತನಕ ಮತ್ತೆ ಬರೆದೆ. ಎರಡು ಸಾಲು ಬಿಟ್ಟೆ. ಗೆರೆ ಎಳೆಯಲಿಲ್ಲ. ಮೂರನೆಯ ಸಾಲಿನಿಂದ ಮುಂದುವರಿಸಿದೆ. ಹಾಳೆಯ ತಳದಲ್ಲಿದ್ದ ಎರಡು ಸಾಲು ನಾಲ್ಕನೆಯ ಹಾಳೆಗೆ ಹೋದವು, ಅದನ್ನೂ ತಂದು ಹೊಸದಾಗಿ ಬರೆದೆ. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಎರಡನ್ನೂ ಕೊಟ್ಟು ಬಂದೆ.